ಭೂತಾನಿನ ಹಸಿ ಅಡಿಕೆ, ಗುಬ್ಬಿಯ ರಾಶಿ ಅಡಿಕೆ: 2022ರ ಧಾರಣೆ ಕುಸಿತದ ಒಂದು ಪ್ರಕರಣ

2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಚಿಕ್ಕ ಅಧಿಸೂಚನೆ ಹೊರಡಿಸಿತು. ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಿಕೊಳ್ಳಬಹುದು. ಇಂತಿಷ್ಟಕ್ಕಿಂತ ಕಡಿಮೆ ಬೆಲೆಯದ್ದನ್ನು ತರುವಂತಿಲ್ಲ ಎಂಬ ಕನಿಷ್ಠ ಆಮದು ಬೆಲೆಯ ಷರತ್ತು ಇದಕ್ಕಿಲ್ಲ. ಪಶ್ಚಿಮ ಬಂಗಾಳದ ಜೈಗಾಂವ್ ಕಸ್ಟಮ್ಸ್ ಠಾಣೆಯ ಮೂಲಕ ಬರಬೇಕು. ಅದರ ತಿರುಳು ಇಷ್ಟೇ.

ಆ ಹೊತ್ತಿಗೆ ತುಮಕೂರು ಜಿಲ್ಲೆಯ ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಯ್ಲು ನಡೆದಿತ್ತು. ರಾಶಿ ಅಡಿಕೆ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ, ಕ್ವಿಂಟಲ್‌ಗೆ 50 ಸಾವಿರ ರೂಪಾಯಿ ದಾಟಿತ್ತು. ವರ್ಷದ ಕೊನೆಗೆ ಅದು 40 ಸಾವಿರದ ಆಸುಪಾಸಿಗೆ ಇಳಿಯಿತು. ಬಸ್ ಸ್ಟ್ಯಾಂಡಿನಲ್ಲಿ, ಸೊಸೈಟಿ ಮುಂದೆ, ಮಂಡಿಯಲ್ಲಿ ಒಂದೇ ಮಾತು. "ಭೂತಾನ್ ಅಡಿಕೆ ಬಂತು, ರೇಟು ಬಿತ್ತು."

ಈ ಮಾತು ಎಷ್ಟು ನಿಜ ಅಂತ ನೋಡೋದೇ ಈ ಬರಹದ ಕೆಲಸ. ಅಕ್ಕಪಕ್ಕದ ದೇಶಗಳು ಸುಂಕ ತೆಗೆದು ಒಂದೇ ಮಾರುಕಟ್ಟೆ ಮಾಡಿಕೊಂಡಾಗ ಅದರಲ್ಲಿ ಸಣ್ಣವರಿಗೆ ಏನಾಗುತ್ತದೆ ಎಂಬ ಪ್ರಶ್ನೆ ಬಹಳ ದಿನದಿಂದ ಇದೆ. ಸಾಮಾನ್ಯವಾಗಿ ಸಣ್ಣವರು ಅಂದರೆ ಸಣ್ಣ ದೇಶಗಳು ಅಂತ ತಿಳಿಯುತ್ತೇವೆ. ಇಲ್ಲಿ ಆ ಲೆಕ್ಕ ಸ್ವಲ್ಪ ತಿರುಗುತ್ತದೆ. ಭೂತಾನ್‌ನ ಇಡೀ ಜನಸಂಖ್ಯೆ ಎಂಟು ಲಕ್ಷ ದಾಟುವುದಿಲ್ಲ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯೊಂದರಲ್ಲೇ ಸುಮಾರು 26 ಲಕ್ಷ 79 ಸಾವಿರ ಜನ ಇದ್ದರು. ದೇಶ ಅವರದು ಚಿಕ್ಕದು, ಆದರೆ ಎರಡೂ ಕಡೆ ತೋಟ ಇಟ್ಟುಕೊಂಡಿರುವವರು ಎರಡು ಮೂರು ಎಕರೆಯವರು. ಇವರಿಬ್ಬರೂ ಒಬ್ಬರ ಮೇಲೊಬ್ಬರು ಬೊಟ್ಟು ಮಾಡುವಂತಾಗಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ತೋಟ ಮತ್ತು ಮಂಡಿ

ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯುವವರು, ಗುಬ್ಬಿ ತಾಲೂಕಿನಲ್ಲಿ ಮೂರು ಎಕರೆ ಅಡಿಕೆ ಮಾಡಿಕೊಂಡಿದ್ದಾರೆ. ಮೊದಲು ಆ ಜಾಗದಲ್ಲಿ ಅರ್ಧ ತೆಂಗು, ಅರ್ಧ ರಾಗಿ. ಹೇಮಾವತಿ ನಾಲೆಯಿಂದ ಕೆರೆಗೆ ನೀರು ಬರತೊಡಗಿದ ಮೇಲೆ, ಬೋರ್‌ವೆಲ್‌ ಕೂಡ ಕೈಹಿಡಿದ ಮೇಲೆ ರಾಗಿ ಹೊಲ ಅಡಿಕೆ ತೋಟವಾಯಿತು. ನಮ್ಮ ಸೀಮೆಯಲ್ಲಿ ಈ ಕಥೆ ಮನೆಮನೆಯದು. ತೆಂಗಿನಲ್ಲಿ ನುಸಿ ರೋಗ, ಕೊಬ್ಬರಿ ಬೆಲೆ ಏರುಪೇರು. ಅಡಿಕೆ ಮಾತ್ರ ವರ್ಷದಿಂದ ವರ್ಷಕ್ಕೆ ಮೇಲೆ ಹೋಗುತ್ತಿತ್ತು. ಜನ ಅದರ ಹಿಂದೆ ಹೋದರು. ಯಾರನ್ನು ತಪ್ಪು ಅನ್ನೋಣ?

ಆ ವರ್ಷ ಮಳೆ ವಿಪರೀತ. ಕೆರೆಗಳೆಲ್ಲ ಕೋಡಿ ಬಿದ್ದವು. ಸುಲಿದು ಬೇಯಿಸಿದ ಅಡಿಕೆಯನ್ನು ಒಣಗಿಸಲು ಬಿಸಿಲೇ ಇಲ್ಲ. ಚೇಣಿಗೆ, ಅಂದರೆ ಫಸಲನ್ನು ಮರದಲ್ಲಿರುವಾಗಲೇ ವ್ಯಾಪಾರಿಗೆ, ಕೊಟ್ಟವರಿಗೆ ಆ ತಾಪತ್ರಯ ಇರಲಿಲ್ಲ. ಅಣ್ಣ ಚೇಣಿಗೆ ಕೊಟ್ಟಿರಲಿಲ್ಲ, ತಾವೇ ಮಾಡಿಸಿದರು. ಹೀಗಾಗಿ ಮಾಲು ತಯಾರಾಗುವುದು ತಡವಾಯಿತು, ಅಷ್ಟರಲ್ಲಿ ಧಾರಣೆ ಜಾರತೊಡಗಿತು. ಮೂರು ಎಕರೆಗೆ ಇಪ್ಪತ್ತು ಕ್ವಿಂಟಲ್ ಅಂದುಕೊಂಡರೂ, ಕ್ವಿಂಟಲ್‌ಗೆ ಹತ್ತು ಸಾವಿರ ಕಡಿಮೆಯಾದರೆ ಎರಡು ಲಕ್ಷ ಹೋಯಿತು. ಬೋರ್‌ವೆಲ್ ಸಾಲದ ಕಂತು, ಮಗಳ ಕಾಲೇಜು ಫೀಸು ಎಲ್ಲ ಆ ಎರಡು ಲಕ್ಷದ ಒಳಗೇ ಇತ್ತು.

ಮಂಡಿಯಲ್ಲಿ ನಡೆದ ಮಾತನ್ನು ಅಣ್ಣ ನನಗೆ ಹೇಳಿದ್ದು ಹೀಗೆ.

"ಏನ್ ಮಾಡೋದು ಗೌಡ್ರೇ, ಭೂತಾನ್ ಮಾಲು ಇಳೀತಾ ಇದೆ. ಉತ್ತರದೋರು ನಮ್ ಮಾಲು ಕೇಳ್ತಾನೇ ಇಲ್ಲ."

"ಇಳೀತಿದ್ರೆ ಒಂದ್ ಚೀಲ ತೋರ್ಸಿ ಸೌಕಾರ್ರೇ, ನಾನೂ ನೋಡ್ತೀನಿ."

ಚೀಲ ಯಾರೂ ತೋರಿಸಲಿಲ್ಲ. ತೋರಿಸುವುದು ಸಾಧ್ಯವೂ ಇರಲಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ. ಆದರೆ ಅಣ್ಣ ಆ ದಿನ ಅರ್ಧ ಮಾಲು ಕೊಟ್ಟು ಬಂದರು. ಇನ್ನೂ ಬಿದ್ದರೆ ಏನು ಗತಿ ಎಂಬ ಹೆದರಿಕೆ. ಊರಲ್ಲಿ ಬಹಳ ಜನ ಹಾಗೇ ಮಾಡಿದರು. ಹೆದರಿ ಮಾರುವವರು ಜಾಸ್ತಿಯಾದರೆ ಧಾರಣೆ ಮತ್ತೂ ಇಳಿಯುತ್ತದೆ ಅಲ್ವಾ? ಕುಸಿತದ ಒಂದು ಭಾಗವನ್ನು ಸುದ್ದಿಯೇ ಮಾಡಿತು ಅಂತ ನಾನು ಹೇಳುವುದು ಇದಕ್ಕೇ.

ಲೆಕ್ಕ ಹಾಕಿ ನೋಡಿದರೆ

17,000 ಟನ್ ಅಂದರೆ ಕೇಳಲು ದೊಡ್ಡದು. ಆದರೆ ಅದು ಹಸಿ ಅಡಿಕೆ. ಸಿಪ್ಪೆ ಸಮೇತ, ನೀರಿನಂಶ ಸಮೇತ. ಚೇಣಿ ಮಾಡುವ ನಮ್ಮ ಕಡೆಯ ಯಾರನ್ನೇ ಕೇಳಿ, ಒಂದು ಕ್ವಿಂಟಲ್ ಹಸಿ ಅಡಿಕೆಗೆ 12ರಿಂದ 13 ಕೆಜಿ ಒಣ ಅಡಿಕೆ ಅಂತಲೇ ಮಾತಾಗುತ್ತದೆ. ಆ ಲೆಕ್ಕದಲ್ಲಿ 17,000 ಟನ್ ಹಸಿ ಅಡಿಕೆ ಒಣಗಿದರೆ ಎರಡು ಸಾವಿರ ಚಿಲ್ಲರೆ ಟನ್. ಹಣ್ಣಡಿಕೆಯನ್ನು ಹಾಗೇ ಒಣಗಿಸುವ ಚಾಲಿ ಪದ್ಧತಿಯಲ್ಲಿ ತೂಕ ಜಾಸ್ತಿ ಸಿಗುತ್ತದೆ. ಧಾರಾಳವಾಗಿ ಲೆಕ್ಕ ಹಾಕಿದರೂ ನಾಲ್ಕು ಸಾವಿರ ಟನ್ ಸುತ್ತಮುತ್ತ. ಭಾರತದಲ್ಲಿ ವರ್ಷಕ್ಕೆ ಬೆಳೆಯುವ ಅಡಿಕೆ ಸುಮಾರು 12 ಲಕ್ಷ ಟನ್. ಅದರ ಮುಂದೆ ಇದು ಸಾವಿರಕ್ಕೆ ಎರಡರಿಂದ ನಾಲ್ಕು ಪಾಲು. ಒಂದು ಒಳ್ಳೆಯ ಮಳೆಗಾಲ, ಒಂದು ಕೊಳೆ ರೋಗ ಇದಕ್ಕಿಂತ ಎಷ್ಟೋ ಪಟ್ಟು ಫಸಲನ್ನು ಹೆಚ್ಚು ಕಡಿಮೆ ಮಾಡುತ್ತದೆ.

ಇನ್ನೊಂದು ವಿಷಯ. ತುಮಕೂರಿನ ಅಡಿಕೆ ಎಳೆಯದಾಗಿ ಕೊಯ್ದು, ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಒಣಗಿಸಿದ ಕೆಂಪಡಿಕೆ. ಅದು ಹೋಗುವುದು ಉತ್ತರ ಭಾರತದ ಪಾನ್ ಮಸಾಲಾ ಕಾರ್ಖಾನೆಗಳಿಗೆ. ಭೂತಾನ್‌ನದು ಹಸಿ ಕಾಯಿ. ಅಲ್ಲಿನವರು ದೋಮಾ ಅಂತ ಅಡಿಕೆ ಎಲೆ ಜಗಿಯುತ್ತಾರೆ. ಗಡಿ ದಾಟಿದರೆ ಅಸ್ಸಾಂ, ಉತ್ತರ ಬಂಗಾಳದಲ್ಲೂ ಹಸಿ ಅಡಿಕೆ ತಿನ್ನುವ ರೂಢಿ ಇದೆ. ಅಲ್ಲೇ ಹತ್ತಿರದಲ್ಲಿ ಅದು ಖರ್ಚಾಗಬೇಕು. ಹಸಿ ಕಾಯಿಯನ್ನು ಬಹಳ ದಿನ ಇಡಲು ಬರುವುದಿಲ್ಲ, ಕೊಳೆಯುತ್ತದೆ. ಜೈಗಾಂವ್‌ನಿಂದ ತುಮಕೂರಿನ ಮಂಡಿಗೆ ಅದು ಚೀಲದಲ್ಲಿ ಬಂದು ಕೂರುವ ಮಾತೇ ಇಲ್ಲ.

ಹಾಗಾದರೆ ಅಧಿಸೂಚನೆ ಯಾಕೆ ಬೇಕಿತ್ತು? ಇದು ಕುತೂಹಲದ ಸಂಗತಿ. 2017ರಲ್ಲಿ ಅಡಿಕೆಗೆ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251 ರೂಪಾಯಿ ಮಾಡಲಾಗಿತ್ತು. 2018ರಿಂದ ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ತರುವುದೇ ನಿಷಿದ್ಧವಾಯಿತು. ಒಣ ಅಡಿಕೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಇದು, ನಮ್ಮ ರೈತರ ಬಹುದಿನದ ಬೇಡಿಕೆ. ಆದರೆ ಹಸಿ ಅಡಿಕೆಗೂ ಅದೇ ನಿಯಮ ಅಂದರೆ ಏನಾಗುತ್ತದೆ ನೋಡಿ. ಕ್ವಿಂಟಲ್ ಒಣ ಅಡಿಕೆ 50 ಸಾವಿರ ಇದ್ದಾಗಲೂ ಹಸಿ ಅಡಿಕೆಯ ಬೆಲೆ ಕೆಜಿಗೆ 60, 65 ರೂಪಾಯಿ ಆಗುತ್ತದೆ. ಹಸಿ ಕಾಯಿಗೆ 251 ರೂಪಾಯಿಯನ್ನು ಗುಬ್ಬಿಯಲ್ಲೂ ಯಾರೂ ಕೊಡುವುದಿಲ್ಲ. ಅಂದರೆ ಆ ನಿಯಮ ಭೂತಾನ್ ಬೆಳೆಗಾರನಿಗೆ ಬಾಗಿಲನ್ನೇ ಮುಚ್ಚಿತ್ತು. ಭೂತಾನ್ ಮತ್ತು ಭಾರತದ ನಡುವೆ 1972ರಿಂದ ವ್ಯಾಪಾರ ಒಪ್ಪಂದ ಇದೆ, ಎರಡೂ ಕಡೆ ಮುಕ್ತ ವ್ಯಾಪಾರ ಅಂತ ಬರೆದುಕೊಂಡಿದ್ದಾರೆ. ನಮ್ಮ ಅಕ್ಕಿ, ಸಿಮೆಂಟು, ಡೀಸೆಲ್ ಅಲ್ಲಿಗೆ ಸಲೀಸಾಗಿ ಹೋಗುತ್ತವೆ. ಅವರ ಅಡಿಕೆ ಮಾತ್ರ ಗಡಿಯಲ್ಲಿ ನಿಂತಿತ್ತು. 2022ರಲ್ಲಿ ಒಂದು ಕಿಟಕಿಯಷ್ಟು ತೆರೆದರು.

ಈ ವಾದಕ್ಕೆ ಒಂದು ಗಟ್ಟಿ ಸಾಕ್ಷಿ ಮುಂದಿನ ವರ್ಷದಲ್ಲಿದೆ. 2023ರ ಮಧ್ಯಭಾಗಕ್ಕೆ ರಾಶಿ ಅಡಿಕೆ ಮತ್ತೆ 50 ಸಾವಿರ ದಾಟಿತು. ಭೂತಾನ್ ಕೋಟಾ ಆಗಲೂ ಇತ್ತು, ಅಷ್ಟೇ ಇತ್ತು. ನಡುವೆ ಬದಲಾದದ್ದು ಬೇರೆ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು 251ರಿಂದ 351 ರೂಪಾಯಿಗೆ ಏರಿಸಿದರು. ಈ ಏರಿಕೆ ಭೂತಾನ್‌ನ ಹಸಿ ಅಡಿಕೆಯನ್ನು ಮುಟ್ಟುವುದೇ ಇಲ್ಲ. ಮುಟ್ಟುವುದು ಬೇರೆ ದಾರಿಗಳಿಂದ ಬರುವ ಒಣ ಅಡಿಕೆಯನ್ನು. ಮಳೆಗಾಲಕ್ಕೆ ಮುಂಚೆ ಮಾಲು ಕಡಿಮೆಯಾಗಿ ಧಾರಣೆ ಏರುವುದು ವಾಡಿಕೆ, ಅದನ್ನೂ ಲೆಕ್ಕಕ್ಕೆ ತಗೋಬೇಕು. ಅದನ್ನು ಕಳೆದ ಮೇಲೂ ಭೂತಾನ್ ಮೇಲೆ ಹೊರಿಸಲು ಏನೂ ಉಳಿಯುವುದಿಲ್ಲ.

ಭೂತಾನ್ ಕಡೆಯಿಂದ

ಸಾಂಚೆ, ಸರ್ಪಾಂಗ್ ಮುಂತಾದ ಭೂತಾನ್‌ನ ದಕ್ಷಿಣದ ಜಿಲ್ಲೆಗಳಲ್ಲಿ ಅಡಿಕೆಯೇ ಮನೆಯ ಕೈಗಾಸು. ಅಲ್ಲಿನ ಬೆಳೆಗಾರನಿಗೆ ಇರುವ ದೊಡ್ಡ ಮಾರುಕಟ್ಟೆ ಒಂದೇ, ಅದು ಭಾರತ. ಆ ದೇಶದ ಹೊರವ್ಯಾಪಾರದ ಬಹುಪಾಲು ನಮ್ಮೊಂದಿಗೇ ನಡೆಯುತ್ತದೆ. ಅವರ ನಾಣ್ಯ ನುಲ್ಟ್ರಮ್ 1974ರಿಂದ ನಮ್ಮ ರೂಪಾಯಿಗೆ ಸಮಾನ. ನಮ್ಮ ನೋಟು ಅಲ್ಲಿ ನೇರ ನಡೆಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದರ ಅರ್ಥ ಏನು? ನಮ್ಮಲ್ಲಿ ಬೆಲೆ ಏರಿದರೆ ಅಲ್ಲೂ ಏರುತ್ತದೆ. ನಮ್ಮ ರಿಸರ್ವ್ ಬ್ಯಾಂಕ್ ಬಡ್ಡಿ ಬದಲಿಸಿದರೆ ಅವರೂ ಅದರ ಹಿಂದೆ ಹೋಗಬೇಕು, ಆ ತೀರ್ಮಾನದಲ್ಲಿ ಅವರ ಮಾತಿಗೆ ಜಾಗ ಇಲ್ಲ.

2012ರಲ್ಲಿ ಭೂತಾನ್‌ನಲ್ಲಿ ಭಾರತದ ರೂಪಾಯಿಯೇ ಸಾಲದೆ ಹೋಯಿತು. ನಮ್ಮಿಂದ ಕೊಳ್ಳುವುದು ಜಾಸ್ತಿ, ನಮಗೆ ಮಾರುವುದು ಕಡಿಮೆ. ಜಲವಿದ್ಯುತ್ ಮಾರಿ ಬರುವ ದುಡ್ಡು ಸಾಲಲಿಲ್ಲ. ಅಲ್ಲಿನ ಸರ್ಕಾರ ಕಾರು ಮುಂತಾದವುಗಳ ಆಮದಿಗೆ ಕಡಿವಾಣ ಹಾಕಬೇಕಾಯಿತು. 2013ರ ಜುಲೈನಲ್ಲಿ, ಅವರ ಚುನಾವಣೆಗೆ ಸ್ವಲ್ಪ ಮುಂಚೆ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ನಾವು ಕೊಡುತ್ತಿದ್ದ ರಿಯಾಯಿತಿ ನಿಂತಿತು. ಥಿಂಪುವಿನ ಅಡುಗೆಮನೆಗೆ ಅದರ ಬಿಸಿ ತಕ್ಷಣ ತಟ್ಟಿತು. ಕೊನೆಗೆ ರಿಯಾಯಿತಿ ಮರಳಿ ಬಂತು. 2023ರ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ನಮ್ಮಲ್ಲಿ ಅಕ್ಕಿ ಬೆಲೆ ತಡೆಯಲು ಮಾಡಿದ ಕೆಲಸ ಅದು. ಭೂತಾನ್‌ಗೆ 79,000 ಟನ್ ಕಳಿಸಲು ಆಮೇಲೆ ಬೇರೆ ಅನುಮತಿ ಕೊಡಬೇಕಾಯಿತು. ಅಡಿಕೆಗೆ ಅನುಮತಿ ಕೊಟ್ಟ ನಿರ್ದೇಶನಾಲಯವೇ ಅಕ್ಕಿಗೂ ಅನುಮತಿ ಕೊಟ್ಟದ್ದು. ಒಂದು ದೇಶದ ಊಟ ಪಕ್ಕದ ದೇಶದ ಒಂದು ಕಾಗದದ ಮೇಲೆ ನಿಲ್ಲುವುದು ಅಂದರೆ ಸಾಮಾನ್ಯ ಮಾತಲ್ಲ.

ಸಣ್ಣ ದೇಶಗಳು ಇಂಥ ಹೊಂದಾಣಿಕೆಯಲ್ಲಿ ಸುಮ್ನೆ ತಲೆಯಾಡಿಸುತ್ತವೆ ಅಂತಲೂ ಇಲ್ಲ. 2015ರಲ್ಲಿ ಥಿಂಪುವಿನಲ್ಲೇ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ಸೇರಿ ವಾಹನ ಸಂಚಾರ ಒಪ್ಪಂದಕ್ಕೆ ಸಹಿ ಹಾಕಿದವು. ನಾಲ್ಕೂ ದೇಶಗಳ ಲಾರಿಗಳು ಗಡಿಯಲ್ಲಿ ಮಾಲು ಇಳಿಸದೆ ಓಡಾಡಬೇಕು ಎಂಬುದು ಆಸೆ. ಭೂತಾನ್ ಸಂಸತ್ತಿನ ಮೇಲ್ಮನೆ ಇದನ್ನು ಒಪ್ಪಲಿಲ್ಲ. ನಮ್ಮ ಸಣ್ಣ ರಸ್ತೆ, ನಮ್ಮ ಪರಿಸರ, ನಮ್ಮ ಲಾರಿಯವರ ಹೊಟ್ಟೆಪಾಡು ಏನಾಗಬೇಕು ಅಂತ ಕೇಳಿದರು. 2017ರಲ್ಲಿ ಭೂತಾನ್ ಪಕ್ಕಕ್ಕೆ ಸರಿದು, ನೀವು ಮೂವರು ಮುಂದುವರಿಸಿ ಎಂದಿತು. ಎಂಟು ಲಕ್ಷ ಜನರ ದೇಶಕ್ಕೆ ಬೇಡ ಅನ್ನುವ ಹಕ್ಕಿತ್ತು, ಅದನ್ನು ಬಳಸಿತು. ಅದರ ಮೂರು ಪಟ್ಟಿಗಿಂತ ಜಾಸ್ತಿ ಜನ ಇರುವ ತುಮಕೂರಿಗೆ ಯಾವ ಒಪ್ಪಂದದಲ್ಲೂ ಆ ಹಕ್ಕಿಲ್ಲ. ಒಪ್ಪಂದಗಳಿಗೆ ದೆಹಲಿ ಸಹಿ ಹಾಕುತ್ತದೆ, ಸುದ್ದಿ ನಮಗೆ ಮಂಡಿಯಲ್ಲಿ ಗೊತ್ತಾಗುತ್ತದೆ.

ದಾರಿಯಾದ ದೇಶಗಳು

ಹಾಗಾದರೆ ಅಡಿಕೆಗೆ ಹೊರಗಿನಿಂದ ಪೆಟ್ಟೇ ಇಲ್ಲವೇ? ಇದೆ, ಖಂಡಿತ ಇದೆ. ಅದರ ದಾರಿ ಬೇರೆ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ನಮ್ಮ ಸಿಟ್ಟು ಎಲ್ಲಿಗೆ ಹೋಗಬೇಕು ಅನ್ನುವುದು ಇಲ್ಲಿದೆ.

ಭಾರತ ಅಡಿಕೆಗೆ ನೂರಕ್ಕೆ ನೂರು ಆಮದು ಸುಂಕ ಹಾಕುತ್ತದೆ. ಕೆಜಿಗೆ 351 ರೂಪಾಯಿಯ ಮಾಲು ಸುಂಕ ಕಟ್ಟಿ ಒಳಗೆ ಬಂದರೆ 702 ಆಯಿತು. ಆ ಬೆಲೆಗೆ ಯಾರೂ ತರುವುದಿಲ್ಲ. ತರುವುದಿದ್ದರೆ ಸುಂಕ ಇಲ್ಲದ ಬಾಗಿಲಿಂದ ತರಬೇಕು. ಅಂಥ ಬಾಗಿಲುಗಳು ಎರಡು ಮೂರು. ಶ್ರೀಲಂಕಾ ಜೊತೆ 1998ರ ಡಿಸೆಂಬರ್‌ನಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದ ಒಂದು. ಸಾರ್ಕ್ ದೇಶಗಳು 2004ರಲ್ಲಿ ಇಸ್ಲಾಮಾಬಾದ್‌ನಲ್ಲಿ ಸಹಿ ಹಾಕಿ 2006ರಿಂದ ಜಾರಿ ಮಾಡಿದ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ, ಅಂದರೆ ಸಾಫ್ಟಾ, ಇನ್ನೊಂದು. ನೇಪಾಳ, ಭೂತಾನ್ ಜೊತೆಗಿನ ಪ್ರತ್ಯೇಕ ಒಪ್ಪಂದಗಳು ಬೇರೆ. ಮಾಲು ಆ ದೇಶದಲ್ಲೇ ಬೆಳೆದದ್ದು, ಇಲ್ಲವೇ ಆ ದೇಶದಲ್ಲಿ ಇಂತಿಷ್ಟು ಮೌಲ್ಯ ಸೇರಿದ್ದು ಅಂತ ಮೂಲ ಪ್ರಮಾಣಪತ್ರ ಇದ್ದರೆ ಸುಂಕ ಇಲ್ಲ ಅಥವಾ ಬಹಳ ಕಡಿಮೆ.

ತೊಂದರೆ ಹುಟ್ಟುವುದು ಆ ಪ್ರಮಾಣಪತ್ರದಲ್ಲಿ. ಇಂಡೋನೇಷ್ಯಾದಲ್ಲಿ ಅಡಿಕೆ ಅಗ್ಗ. ಅದು ಹಡಗಿನಲ್ಲಿ ಕೊಲಂಬೊಗೆ ಬಂದು, ಚೀಲ ಬದಲಿಸಿ, ಶ್ರೀಲಂಕಾ ಅಡಿಕೆಯಾಗಿ ಭಾರತಕ್ಕೆ ಬಂದ ಪ್ರಕರಣಗಳು ಕಂದಾಯ ಗುಪ್ತಚರ ಇಲಾಖೆಯ ತನಿಖೆಯಲ್ಲಿ ಹೊರಬಂದಿವೆ. ಮ್ಯಾನ್ಮಾರ್ ಕಡೆಯಿಂದ ಮಿಜೋರಾಂ, ಮಣಿಪುರದ ದಾರಿಯಲ್ಲಿ ಕಾಗದವೇ ಇಲ್ಲದೆ ಬರುವುದು ಬೇರೆ. ಒಣ ಅಡಿಕೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಯಾವ ದೇಶದ್ದು ಅಂತ ಕಣ್ಣಿಂದ ನೋಡಿ ಹೇಳುವುದು ಕಷ್ಟ. ಇಲ್ಲಿ ಭೂತಾನ್ ಕೋಟಾದ ಗುಣ ಗೊತ್ತಾಗುತ್ತದೆ. ಹಸಿ ಕಾಯಿ ಇಂಡೋನೇಷ್ಯಾದಿಂದ ಸಮುದ್ರ ದಾಟಿ, ಜೈಗಾಂವ್ ಎದುರಿನ ಭೂತಾನ್ ಊರಾದ ಫುಂಟ್‌ಶೋಲಿಂಗ್ ಮುಟ್ಟುವಷ್ಟರಲ್ಲಿ ಕೊಳೆತು ಹೋಗಿರುತ್ತದೆ. ಹಸಿ ಇರಬೇಕು, ಇಷ್ಟೇ ಟನ್ ಇರಬೇಕು, ಇದೇ ಠಾಣೆಯಿಂದ ಬರಬೇಕು ಎಂಬ ಮೂರು ಷರತ್ತು ಸೇರಿದರೆ ಮೋಸಕ್ಕೆ ಜಾಗವೇ ಕಡಿಮೆ. ಪಕ್ಕದ ಸಣ್ಣ ದೇಶದ ರೈತನಿಗೆ ನೆರವಾಗಲು ಇದಕ್ಕಿಂತ ಚೆನ್ನಾದ ದಾರಿ ನನಗೆ ಕಾಣುವುದಿಲ್ಲ. ನಮ್ಮವರು ಅತಿ ಹೆಚ್ಚು ಬೈದದ್ದು ಇದನ್ನೇ.

ಕನಿಷ್ಠ ಆಮದು ಬೆಲೆಯ ಬಗ್ಗೆಯೂ ಒಂದು ಮಾತು. ಸುಂಕವೇ ಇಲ್ಲದ ಬಾಗಿಲಲ್ಲಿ ಬಿಲ್ಲಿನ ಮೇಲೆ ಬೆಲೆ ಜಾಸ್ತಿ ಬರೆಯಲು ಏನೂ ಖರ್ಚಾಗುವುದಿಲ್ಲ. 200 ರೂಪಾಯಿಯ ಮಾಲಿಗೆ 355 ಅಂತ ಬರೆದರೆ ಷರತ್ತು ಮುಗಿಯಿತು. ಹೆಚ್ಚುವರಿ ಹಣ ಹೊರಗೆ ಹೋಗಿ ಬೇರೆ ದಾರಿಯಲ್ಲಿ ಮರಳಬಹುದು. ನೂರಕ್ಕೆ ನೂರು ಸುಂಕ ಇರುವಲ್ಲಿ ಹೀಗೆ ಬರೆದರೆ ಕಟ್ಟುವ ಸುಂಕವೂ ಏರುತ್ತದೆ, ಹಾಗಾಗಿ ಯಾರೂ ಬರೆಯುವುದಿಲ್ಲ. ಬೆಲೆಯ ಷರತ್ತು ಬೇಕು, ಆದರೆ ಮೂಲ ಪರೀಕ್ಷಿಸದೆ ಅದೊಂದೇ ಕಾಯುತ್ತದೆ ಅಂತ ನಂಬಿ ಕೂರುವುದು ತಪ್ಪು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಇದಕ್ಕೊಂದು ನಿಯಮ ತಂದಿದೆ. ಮಾಲಿನ ಮೂಲಕ್ಕೆ ಆಮದು ಮಾಡುವವನೇ ದಾಖಲೆ ಇಟ್ಟುಕೊಂಡಿರಬೇಕು, ಕೇಳಿದಾಗ ತೋರಿಸಬೇಕು. ಬರೀ ಪ್ರಮಾಣಪತ್ರ ಸಾಲದು. ಒಳ್ಳೆಯ ನಿಯಮ. ಎಷ್ಟು ಬಿಗಿಯಾಗಿ ನಡೆಸುತ್ತಾರೆ ಎಂಬುದರ ಮೇಲೆ ಗುಬ್ಬಿಯ ಧಾರಣೆ ನಿಂತಿದೆ.

ಈಗ ದಾರಿಯಾಗುವ ದೇಶಕ್ಕೆ ಏನು ಲಾಭ? ಇದನ್ನು ಶ್ರೀಲಂಕಾ ಅನುಭವಿಸಿ ತಿಳಿದುಕೊಂಡಿದೆ. 2000ದ ಒಪ್ಪಂದದ ನಂತರ ಅಲ್ಲಿ ವನಸ್ಪತಿ (ಡಾಲ್ಡಾದಂಥ ಗಟ್ಟಿ ಎಣ್ಣೆ) ಕಾರ್ಖಾನೆಗಳು ಎದ್ದವು. ಬಂಡವಾಳ ಹಾಕಿದವರಲ್ಲಿ ಭಾರತೀಯರೇ ಬಹಳ. ಅದಕ್ಕೆ ಬೇಕಾದ ತಾಳೆ ಎಣ್ಣೆ ಮಲೇಷ್ಯಾ, ಇಂಡೋನೇಷ್ಯಾದ್ದು. ಭಾರತದಲ್ಲಿ ತಾಳೆ ಎಣ್ಣೆಗೆ ಸುಂಕ ಜಾಸ್ತಿ, ಶ್ರೀಲಂಕಾದಲ್ಲಿ ಕಡಿಮೆ. ಆ ವ್ಯತ್ಯಾಸವೇ ಅವರ ಲಾಭ. ರಫ್ತಿನ ಅಂಕಿ ಏರುತ್ತಾ ಹೋಯಿತು. ನಮ್ಮ ವನಸ್ಪತಿ ತಯಾರಕರು ಗಲಾಟೆ ಮಾಡಿದ ಮೇಲೆ ಭಾರತ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಮಿತಿ ಹಾಕಿತು. ಆಮೇಲೆ ಭಾರತದ್ದೇ ಸುಂಕ ಇಳಿದಾಗ ಅಲ್ಲಿನ ಕಾರ್ಖಾನೆಗಳು ಬಾಗಿಲು ಹಾಕಿದವು. ತಾಮ್ರದಲ್ಲೂ ಹೀಗೇ ಆಯಿತು. ದೊಡ್ಡ ದೇಶದ ಸುಂಕದ ಪಟ್ಟಿಯಲ್ಲಿನ ಒಂದು ಬಿರುಕಿನ ಮೇಲೆ ಕಟ್ಟಿದ ಉದ್ಯಮ ಬಿರುಕು ಮುಚ್ಚಿದ ದಿನ ಬಿದ್ದುಹೋಗುತ್ತದೆ. ಅಲ್ಲಿ ಕೆಲಸಕ್ಕಿದ್ದವರ ಗತಿ ಏನು?

ಕಾಳುಮೆಣಸಿನ ಕಥೆ ಇನ್ನೂ ನೇರ. ವಿಯೆಟ್ನಾಂ ಮೆಣಸು ಶ್ರೀಲಂಕಾ ಹೆಸರಲ್ಲಿ ಬರುತ್ತಿದೆ ಅಂತ ಕೊಡಗು, ಚಿಕ್ಕಮಗಳೂರಿನವರು ಕೂಗಾಡಿದರು. 2017ರ ಡಿಸೆಂಬರ್‌ನಲ್ಲಿ ಭಾರತ ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು. ಅದೇ ಹೊತ್ತಿಗೆ ಶ್ರೀಲಂಕಾದ ಮೆಣಸು ಬೆಳೆಗಾರರೂ ಬೀದಿಗಿಳಿದಿದ್ದರು. ಹೊರಗಿನ ಮೆಣಸು ಬಂದು ನಮ್ಮ ಹೆಸರು ಕೆಡಿಸುತ್ತಿದೆ, ನಮ್ಮ ಬೆಲೆ ಇಳಿಸುತ್ತಿದೆ ಎಂಬುದು ಅವರ ದೂರು. 2019ರ ಕೊನೆಗೆ ಶ್ರೀಲಂಕಾ ಸರ್ಕಾರವೇ ಮೆಣಸು, ಅಡಿಕೆ ಮುಂತಾದವನ್ನು ತರಿಸಿ ಮರುರಫ್ತು ಮಾಡುವುದನ್ನು ನಿಷೇಧಿಸಿತು. ಎರಡು ದೇಶದ ಬೆಳೆಗಾರರ ದೂರು ಒಂದೇ ಆಗಿತ್ತು, ಒಬ್ಬರಿಗೊಬ್ಬರು ಗೊತ್ತಿರಲಿಲ್ಲ ಅಷ್ಟೇ.

ನೇಪಾಳದ್ದು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ತಾಳೆ ಬೆಳೆಯದ ನೇಪಾಳದ ಅತಿ ದೊಡ್ಡ ರಫ್ತು ಒಂದು ಹಂತದಲ್ಲಿ ತಾಳೆ ಎಣ್ಣೆಯಾಗಿತ್ತು. ಕಚ್ಚಾ ಎಣ್ಣೆ ಹೊರಗಿಂದ, ಶುದ್ಧೀಕರಣ ನೇಪಾಳದಲ್ಲಿ, ಮಾರಾಟ ಭಾರತಕ್ಕೆ, ಸುಂಕ ಸೊನ್ನೆ. 2020ರ ಜನವರಿಯಲ್ಲಿ ಭಾರತ ಶುದ್ಧೀಕರಿಸಿದ ತಾಳೆ ಎಣ್ಣೆಯ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಮಲೇಷ್ಯಾ ಜೊತೆಗಿನ ಜಗಳದ ಹೊತ್ತು ಅದು. ಪೆಟ್ಟು ನೇಪಾಳಕ್ಕೂ ಬಿತ್ತು. ಝಾಪಾ ಜಿಲ್ಲೆಯಲ್ಲಿ ನಿಜವಾಗಿ ಅಡಿಕೆ ಬೆಳೆಯುವ ನೇಪಾಳದ ರೈತರಿದ್ದಾರೆ. ಅಲ್ಲಿಂದ ಬರುವ ಯಾವ ಅಡಿಕೆ ಚೀಲ ಕಂಡರೂ ನಮ್ಮಲ್ಲಿ ಅನುಮಾನ. ದಾರಿಯಾದದ್ದರ ಬೆಲೆಯನ್ನು ಕೊನೆಗೆ ಅವರು ಕೊಡುತ್ತಿದ್ದಾರೆ.

ಯಾರಿಗೆ ಪರಿಹಾರ

ಸಾಫ್ಟಾ ಒಪ್ಪಂದದಲ್ಲಿ ನನಗೆ ಇಷ್ಟವಾದ ಒಂದು ಅಂಶವಿದೆ. ಸುಂಕ ಇಳಿಸಿದರೆ ಹಿಂದುಳಿದ ದೇಶಗಳ ಖಜಾನೆಗೆ ನಷ್ಟ ಆಗುತ್ತದೆ, ಅದನ್ನು ಕೆಲವು ವರ್ಷ ತುಂಬಿಕೊಡಲು ವ್ಯವಸ್ಥೆ ಇರಬೇಕು ಅಂತ ಒಪ್ಪಂದದಲ್ಲೇ ಬರೆದುಕೊಂಡರು. ಭಾರತ 2011ರಲ್ಲಿ ಅಂಥ ದೇಶಗಳಿಗೆ 25 ವಸ್ತು ಬಿಟ್ಟು ಉಳಿದುದಕ್ಕೆಲ್ಲ ಸುಂಕ ತೆಗೆಯಿತು. ಒಳ್ಳೆಯ ಕೆಲಸ. ದೊಡ್ಡವರು ಹಾಗೆ ನಡೆದುಕೊಳ್ಳಬೇಕು.

ಆದರೆ ದೊಡ್ಡ ದೇಶದ ಒಳಗಿನ ಸಣ್ಣವರಿಗೆ ಇಂಥ ಪರಿಹಾರ ಕೊಡುವ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. ಲಾಭ ಇಡೀ ದೇಶಕ್ಕೆ ಹಂಚಿಹೋಗುತ್ತದೆ. ನಷ್ಟ ಮಾತ್ರ ನಾಲ್ಕೈದು ಜಿಲ್ಲೆಗಳ ಮೇಲೆ ಬೀಳುತ್ತದೆ. ಯುರೋಪ್ ಆರ್ಥಿಕ ಸಮುದಾಯದವರು, ಅಂದರೆ ಈಗಿನ ಯುರೋಪ್ ಒಕ್ಕೂಟದವರು, ಮಾರುಕಟ್ಟೆ ಒಂದು ಮಾಡಿಕೊಂಡಾಗ ಹಿಂದೆ ಬೀಳುವ ಪ್ರದೇಶಗಳಿಗೆ ಅಂತಲೇ 1975ರಲ್ಲಿ ಪ್ರಾದೇಶಿಕ ಅಭಿವೃದ್ಧಿ ನಿಧಿ ಮಾಡಿದರು. ನಮ್ಮ ಉಪಖಂಡದಲ್ಲಿ ಅಂಥದ್ದು ಇಲ್ಲ. ಅಡಿಕೆಗೆ ಬೆಂಬಲ ಬೆಲೆಯೂ ಇಲ್ಲ. ಕೊಬ್ಬರಿಗೆ ಇದೆ. 2023ರಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರದ ಕೆಳಗೆ ಹೋದಾಗ ಬೆಂಬಲ ಬೆಲೆ 11,750 ಇತ್ತು. ಬೆಂಬಲ ಬೆಲೆಗೆ ಕೊಳ್ಳುವ ಸಹಕಾರಿ ಸಂಸ್ಥೆ ನಾಫೆಡ್‌ನ ಖರೀದಿ ಕೇಂದ್ರದ ಮುಂದೆ ಜನ ರಾತ್ರಿಯಿಡೀ ಸಾಲು ನಿಂತರು. ಕಷ್ಟಪಟ್ಟಾದರೂ ಹಿಡಿದುಕೊಳ್ಳಲು ಏನೋ ಒಂದಿತ್ತು. ಅಡಿಕೆಯವನಿಗೆ ಗಡಿಯಲ್ಲಿನ ತಡೆಯೊಂದೇ ಆಸರೆ.

ಆ ಆಸರೆಯನ್ನೇ ನಂಬಿ ಇಡೀ ಸೀಮೆ ಒಂದೇ ಬೆಳೆಗೆ ಹೋಗುತ್ತಿರುವುದು ನನಗೆ ಭಯ ಹುಟ್ಟಿಸುತ್ತದೆ, ಇದನ್ನೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಾಳೆ ಪಾನ್ ಮಸಾಲಾದ ಮೇಲೆ ಗಟ್ಟಿ ಕಾನೂನು ಬಂದರೆ ಯಾವ ಆಮದು ಸುಂಕವೂ ಕಾಯುವುದಿಲ್ಲ. ತೋಟದಲ್ಲಿ ಮೆಣಸು, ಕೋಕೋ, ಜಾಯಿಕಾಯಿ ಹಾಕಿಕೊಂಡವರು ಆ ಚಳಿಗಾಲವನ್ನು ಸ್ವಲ್ಪ ಹಗುರಾಗಿ ಕಳೆದರು. ಅಣ್ಣನ ತೋಟದಲ್ಲಿ ಮೆಣಸಿನ ಬಳ್ಳಿ ಹತ್ತಿದ್ದು ಆಮೇಲೆ.

ಮನವಿ

2023ರ ಜನವರಿಯಲ್ಲಿ ಅಣ್ಣನ ಊರಿನ ಬೆಳೆಗಾರರು ಒಂದು ಮನವಿ ಬರೆದರು. ಮೊದಲ ಸಾಲೇ "ಭೂತಾನ್ ಅಡಿಕೆ ಆಮದನ್ನು ಕೂಡಲೇ ನಿಲ್ಲಿಸಬೇಕು" ಅಂತ. ಓದಿ ನೋಡು ಅಂತ ನನಗೆ ಕೊಟ್ಟರು. ನಾನು ಮೇಲಿನ ಲೆಕ್ಕವನ್ನೇ ಅವರ ಮುಂದೆ ಇಟ್ಟೆ. ಚೇಣಿ ಲೆಕ್ಕ ಎಲ್ಲರಿಗೂ ಬರುತ್ತದೆ, ಹಾಗಾಗಿ 17,000 ಟನ್ ಒಣಗಿದರೆ ಎಷ್ಟು ಅಂತ ಅವರೇ ಗುಣಿಸಿ ಹೇಳಿದರು. ಒಬ್ಬ ಹಿರಿಯರು ಮಾತ್ರ ಒಪ್ಪಲಿಲ್ಲ. "ಇವತ್ತು ಹದಿನೇಳು ಸಾವಿರ ಅಂತಾರೆ ಕಣಪ್ಪ, ನಾಳೆ ಐವತ್ತು ಮಾಡ್ತಾರೆ. ಬಾಗ್ಲು ತೆಗ್ದಿದ್ದೇ ತಪ್ಪು." ಅವರ ಅನುಮಾನ ಸುಳ್ಳು ಅನ್ನಲು ನನಗೆ ಆಗಲಿಲ್ಲ. ಕೋಟಾ ಹೆಚ್ಚಿಸಲು ಇನ್ನೊಂದು ಅಧಿಸೂಚನೆ ಸಾಕು, ಬೆಳೆಗಾರರನ್ನು ಕೇಳಬೇಕೆಂಬ ನಿಯಮ ಇಲ್ಲ.

ಕೊನೆಗೆ ಮನವಿ ಬದಲಾಯಿತು. ಭೂತಾನ್‌ನ ಹಸಿ ಅಡಿಕೆ ಕೋಟಾ ಇರಲಿ, ಆದರೆ ಅದನ್ನು ಹೆಚ್ಚಿಸುವ ಮುಂಚೆ ಅಡಿಕೆ ಬೆಳೆಯುವ ಜಿಲ್ಲೆಗಳ ಅಭಿಪ್ರಾಯ ಕೇಳಬೇಕು. ಸುಂಕ ರಿಯಾಯಿತಿಯಲ್ಲಿ ಬರುವ ಒಣ ಅಡಿಕೆಯ ಮೂಲವನ್ನು ಕಾಗದದ ಆಚೆಗೂ ಪರೀಕ್ಷಿಸಬೇಕು. ಯಾವ ದೇಶದಿಂದ ಎಷ್ಟು ಬಂತು ಎಂಬ ಅಂಕಿಯನ್ನು ಮಂಡಿಯ ಬೋರ್ಡಿನಲ್ಲಿ ಕನ್ನಡದಲ್ಲಿ ಹಾಕಬೇಕು. ಈ ಮೂರನೆಯದು ಅಣ್ಣ ಸೇರಿಸಿದ್ದು. ಚೀಲ ತೋರಿಸಿ ಅಂತ ಕೇಳಿದ್ದರಲ್ಲ, ಅದೇ ಬೇಡಿಕೆ. ಮನವಿಯನ್ನು ಕೊಟ್ಟರು. ಬೋರ್ಡು ಇನ್ನೂ ಬಂದಿಲ್ಲ.

ಆಮೇಲೆ 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ 351 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂತು. ಮಾಮೂಲಿ ಅಡಿಕೆಗೆ ತಡೆ ಬಿಗಿಯಾದಾಗ ಮಾಲು ಹುರಿದ ಅಡಿಕೆ ಎಂಬ ಬೇರೆ ಶೀರ್ಷಿಕೆಯಲ್ಲಿ ಒಳಗೆ ಬರತೊಡಗಿತ್ತು, ಅದಕ್ಕೆ ಈ ನಿಯಮ. ವಾಣಿಜ್ಯ ಸಚಿವಾಲಯದ ವೆಬ್‌ಸೈಟಿನಲ್ಲಿ ತಿಂಗಳು ತಿಂಗಳು ದೇಶವಾರು, ವಸ್ತುವಾರು ಆಮದು ಅಂಕಿ ಸಿಗುತ್ತದೆ, ಯಾರು ಬೇಕಾದರೂ ನೋಡಬಹುದು. ಅಣ್ಣನ ಊರಿನ ಇಬ್ಬರು ಹುಡುಗರು ಈಗ ಆ ಕೆಲಸ ಹಿಡಿದಿದ್ದಾರೆ. ಇಡಿ ಅಡಿಕೆ, ಹೋಳು, ಪುಡಿ, ಹುರಿದದ್ದು ಎಲ್ಲದಕ್ಕೂ ಬೇರೆ ಬೇರೆ ಕಾಲಂ ಮಾಡಿಕೊಂಡಿದ್ದಾರೆ. ತಾನು ಬೆಳೆಯುವುದಕ್ಕಿಂತ ಜಾಸ್ತಿ ಕಳಿಸುವ ದೇಶ ಯಾವುದಾದರೂ ಕಂಡರೆ ಮುಂದಿನ ಮನವಿಯಲ್ಲಿ ಆ ಹೆಸರು ಹೋಗುತ್ತದೆ.